ಓದುಗರ ಪ್ರಶ್ನೆ, ನಮ್ಮ ಉತ್ತರ: ವಿದ್ಯುನ್ಮಾನ ವಾದ್ಯಗಳು ಬೆಳೆದು ಬಂದ ಬಗೆ

ಸಂಗೀತವಾದ್ಯಗಳ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ವಿದ್ಯುನ್ಮಾನ ವಾದ್ಯಗಳಿಗೆ ಸಂಬಂಧಿಸಿದವನ್ನು ಆರಿಸಿ, ಈ ಸಲ ಒಟ್ಟಿಗೆ ಉತ್ತರಿಸಲಾಗಿದೆ.

ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್ ವಿದ್ಯುನ್ಮಾನ ವಾದ್ಯವೇ? ಅಲ್ಲವೆಂದಾದರೆ ಮೊತ್ತಮೊದಲ ವಿದ್ಯುನ್ಮಾನ ವಾದ್ಯ ಯಾವುದು?

ಉತ್ತರ: ಎಲೆಕ್ಟ್ರಿಕ್ ಗಿಟಾರಿನಲ್ಲಿ ನಾದ ಹುಟ್ಟುವುದು ತಂತಿಯ ಕಂಪನದಿಂದಲೇ. ತಂತಿಯ ಕೆಳಗೆ ಕೂರಿಸಿರುವ ಪಿಕಪ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿ, ಆ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದಾಗಿಸುತ್ತದೆ. ವಿದ್ಯುತ್ತು ಇಲ್ಲಿ ನಾದವನ್ನು ಹೊತ್ತೊಯ್ಯುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ನಾದದ ಮೂಲವೇ ವಿದ್ಯುತ್ ಮಂಡಲದಲ್ಲಿರುವ ವಾದ್ಯವನ್ನು ಮಾತ್ರ ವಿದ್ಯುನ್ಮಾನ ವಾದ್ಯವೆಂದು ಕರೆಯುವುದು ವಾಡಿಕೆ.

ಮೊದಲನೆಯದು ಯಾವುದೆಂಬ ಪ್ರಶ್ನೆಗೆ ಎರಡು ಉತ್ತರಗಳು ಸಲ್ಲುತ್ತವೆ. ಟೆಲಿಫೋನಿನ ಪೇಟೆಂಟಿಗಾಗಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರೊಡನೆ ಪೈಪೋಟಿಗಿಳಿದಿದ್ದ ಅಮೆರಿಕದ ಎಲಿಷಾ ಗ್ರೇ, 1870ರ ದಶಕದ ಮಧ್ಯಭಾಗದಲ್ಲಿ, ಉಕ್ಕಿನ ಪಟ್ಟಿಗಳನ್ನು ವಿದ್ಯುತ್ಕಾಂತಗಳಿಂದ ಕಂಪಿಸುವಂತೆ ಮಾಡಿ ಅವುಗಳ ಸ್ವರಗಳನ್ನು ತಂತಿಯ ಮೂಲಕ ದೂರಕ್ಕೆ ಕಳುಹಿಸಿದರು. ಇದಕ್ಕೆ ಸಂಗೀತ ಟೆಲಿಗ್ರಾಫ್ ಎಂದು ಹೆಸರಾಯಿತು. ಆದರೆ ಅಲ್ಲಿಯೂ ಒಂದು ಲೋಹದ ಪಟ್ಟಿ ಅಲುಗಾಡಲೇಬೇಕಿತ್ತು. 1899ರಲ್ಲಿ ಇಂಗ್ಲೆಂಡಿನ ವಿಲಿಯಂ ಡಡೆಲ್ ಅದನ್ನೂ ಕೈಬಿಟ್ಟರು. ಆ ಕಾಲದ ಬೀದಿದೀಪಗಳಲ್ಲಿ ಎರಡು ಇಂಗಾಲದ ಕಡ್ಡಿಗಳ ನಡುವೆ ವಿದ್ಯುತ್ ಕಿಡಿಯ ಜ್ವಾಲೆ ಉರಿಯುತ್ತಿತ್ತು. ಅಂಥ ಜ್ವಾಲೆಗೆ ಒಂದು ಸುರುಳಿಯನ್ನೂ ವಿದ್ಯುದಾವೇಶವನ್ನು ಹಿಡಿದಿಡುವ ಕೆಪಾಸಿಟರನ್ನೂ ಜೋಡಿಸಿದರೆ, ಅವುಗಳ ಅಳತೆಗೆ ತಕ್ಕ ಶ್ರುತಿಯಲ್ಲಿ ಜ್ವಾಲೆ ತಾನೇ ಹಾಡತೊಡಗುತ್ತದೆ ಎಂಬುದನ್ನು ಅವರು ಲಂಡನ್ನಿನ ಎಂಜಿನಿಯರುಗಳ ಮುಂದೆ ತೋರಿಸಿದರು. ಜ್ವಾಲೆಯ ಶಾಖ ಏರಿಳಿಯುತ್ತಿದ್ದಂತೆ ಸುತ್ತಲಿನ ಗಾಳಿ ಕಂಪಿಸುತ್ತಿದ್ದುದರಿಂದ ಧ್ವನಿವರ್ಧಕದ ಅಗತ್ಯವೂ ಅಲ್ಲಿರಲಿಲ್ಲ. ಮುಂದೆ ಬಂದ ಆಂದೋಲಕಗಳ, ಅಂದರೆ ಒಂದೇ ಸಮನೆ ಏರಿಳಿಯುವ ವಿದ್ಯುತ್ತನ್ನು ಹುಟ್ಟಿಸುವ ಮಂಡಲಗಳ, ತತ್ತ್ವ ಇದರಲ್ಲಿ ಆಗಲೇ ಇದ್ದುದರಿಂದ, ಒಂದನ್ನೇ ಆರಿಸಬೇಕೆಂದರೆ ನಾವು ಡಡೆಲ್ ಅವರ ಹಾಡುವ ಜ್ವಾಲೆಯನ್ನೇ ಆರಿಸುತ್ತೇವೆ.

ಪ್ರಶ್ನೆ: ಇನ್ನೂರು ಟನ್ ತೂಗುವ ವಾದ್ಯವೊಂದು ಇತ್ತೆಂದು ಓದಿದ್ದೇನೆ. ಇದು ನಿಜವೇ? ಅಷ್ಟು ದೊಡ್ಡದಾಗಿ ಅದನ್ನು ಕಟ್ಟಿದ್ದೇಕೆ?

ಉತ್ತರ: ನಿಜ. ಅದರ ಹೆಸರು ಟೆಲ್‌ಹಾರ್ಮೋನಿಯಂ. ಕಟ್ಟಿದವರು ಅಮೆರಿಕದ ಥ್ಯಾಡಿಯಸ್ ಕೇಹಿಲ್. 1897ರಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಮೊದಲು ತಯಾರಿಸಿದ ಮಾದರಿಯ ತೂಕ ಸುಮಾರು 7 ಟನ್ ಇತ್ತು. ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ ಕಟ್ಟಿ, ರೈಲಿನಲ್ಲಿ ಸಾಗಿಸಿ, 1906ರಲ್ಲಿ ನ್ಯೂಯಾರ್ಕಿನಲ್ಲಿ ನೆಲೆಗೊಳಿಸಿದ ಎರಡನೆಯದು ಸುಮಾರು 200 ಟನ್ ತೂಗುತ್ತಿತ್ತು. ವಾದಕರು ಮೇಲಿನ ಸಭಾಂಗಣದಲ್ಲಿ ಕುಳಿತು ಕೀಲಿಮಣೆ ನುಡಿಸುತ್ತಿದ್ದರೆ, ನಾದ ಹುಟ್ಟಿಸುವ ಯಂತ್ರಗಳು ನೆಲಮಾಳಿಗೆಯಲ್ಲಿ ತಿರುಗುತ್ತಿದ್ದವು.

ಕೇಹಿಲ್ ಅನುಸರಿಸಿದ ಉಪಾಯ ಸರಳವಾದದ್ದು. ಅಂಚಿನಲ್ಲಿ ಹಲ್ಲುಗಳಿರುವ ಕಬ್ಬಿಣದ ಚಕ್ರವೊಂದು ಅಯಸ್ಕಾಂತ ಮತ್ತು ಸುರುಳಿಯ ಎದುರು ತಿರುಗಿದರೆ, ಒಂದೊಂದು ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ವಿದ್ಯುತ್ತು ಒಮ್ಮೆ ಏರಿ ಇಳಿಯುತ್ತದೆ. ಚಕ್ರಕ್ಕೆ 32 ಹಲ್ಲುಗಳಿದ್ದು ಅದು ಸೆಕೆಂಡಿಗೆ 20 ಸುತ್ತು ತಿರುಗಿದರೆ 640 ಕಂಪನಗಳ ಸ್ವರ ಸಿಗುತ್ತದೆ. ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಸ್ವರಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಅದಕ್ಕೆ ಬೆರೆಸಿದರೆ ನಾದದ ಬಣ್ಣ ಬದಲಾಗುತ್ತದೆ. ಕೊಳಲಿನಂತೆಯೂ ಕ್ಲಾರಿನೆಟ್ಟಿನಂತೆಯೂ ಕೇಳಿಸುತ್ತದೆ. ಈ ಸಂಗೀತವನ್ನು ಟೆಲಿಫೋನ್ ತಂತಿಗಳ ಮೂಲಕ ಹೋಟೆಲುಗಳಿಗೂ ಮನೆಗಳಿಗೂ ಚಂದಾ ಪಡೆದು ಒದಗಿಸಬೇಕೆಂಬುದು ಕೇಹಿಲ್ ಅವರ ಯೋಜನೆಯಾಗಿತ್ತು.

ಗಾತ್ರದ ಕಾರಣವೂ ಈ ಯೋಜನೆಯಲ್ಲಿಯೇ ಅಡಗಿದೆ. ಕ್ಷೀಣವಾದ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್ ಆಗಿನ್ನೂ ಬಂದಿರಲಿಲ್ಲ. ದೂರದ ಅಸಂಖ್ಯ ರಿಸೀವರುಗಳಲ್ಲಿ ಕೇಳಿಸಬೇಕಾದ ಸದ್ದಿನ ಪೂರ್ತಿ ಶಕ್ತಿಯನ್ನು ಮೂಲದಲ್ಲಿಯೇ ಉತ್ಪಾದಿಸಬೇಕಾಗಿದ್ದುದರಿಂದ, ಒಂದೊಂದು ಸ್ವರಕ್ಕೂ ಪ್ರತ್ಯೇಕ ವಿದ್ಯುಜ್ಜನಕವನ್ನೇ ಕಟ್ಟದೆ ಅವರಿಗೆ ಬೇರೆ ದಾರಿಯಿರಲಿಲ್ಲ. ಅಷ್ಟು ಪ್ರಬಲವಾದ ವಿದ್ಯುತ್ತು ಪಕ್ಕದ ತಂತಿಗಳಿಗೂ ಸೋರಿ, ಟೆಲಿಫೋನಿನಲ್ಲಿ ಮಾತನಾಡುತ್ತಿದ್ದವರ ಕಿವಿಗೆ ಸಂಗೀತ ಬೀಳತೊಡಗಿ ದೂರುಗಳು ಹೆಚ್ಚಿದವು. ಸೇವೆ ಬಹುಕಾಲ ನಡೆಯಲಿಲ್ಲ. 1914ರಲ್ಲಿ ಕಂಪನಿ ದಿವಾಳಿಯಾಯಿತು. ಆ ವಾದ್ಯದ ಒಂದೇ ಒಂದು ಧ್ವನಿಮುದ್ರಣವೂ ಇಂದು ಉಳಿದಿಲ್ಲ ಎಂಬುದು ಬಹಳ ಬೇಸರದ ಸಂಗತಿ.

ಆದರೆ ಅದರ ತತ್ತ್ವ ಅಳಿಯಲಿಲ್ಲ. ವಾಲ್ವ್ ಆಂಪ್ಲಿಫೈಯರುಗಳು ಬಳಕೆಗೆ ಬಂದ ಮೇಲೆ, ಗಡಿಯಾರ ತಯಾರಕರಾಗಿದ್ದ ಲಾರೆನ್ಸ್ ಹ್ಯಾಮಂಡ್ ಅದೇ ಹಲ್ಲುಚಕ್ರಗಳನ್ನು ಅಂಗೈಯಲ್ಲಿ ಹಿಡಿಯುವಷ್ಟು ಕಿರಿದುಗೊಳಿಸಿ, ಅಂಥ 91 ಚಕ್ರಗಳನ್ನು ಒಂದು ಮರದ ಪೆಟ್ಟಿಗೆಯೊಳಗೆ ಕೂರಿಸಿ, 1935ರಲ್ಲಿ ಹ್ಯಾಮಂಡ್ ಆರ್ಗನ್ನನ್ನು ಮಾರುಕಟ್ಟೆಗೆ ತಂದರು. ಗಡಿಯಾರಕ್ಕೆಂದು ರೂಪಿಸಿದ್ದ ಸಿಂಕ್ರೊನಸ್ ಮೋಟರು ವಿದ್ಯುತ್ ಸರಬರಾಜಿನ ಆವರ್ತನಕ್ಕೆ ಹೊಂದಿಕೊಂಡೇ ತಿರುಗುತ್ತಿದ್ದುದರಿಂದ ಶ್ರುತಿ ಕದಲುತ್ತಿರಲಿಲ್ಲ. ನಾದಗಳನ್ನು ಬೆರೆಸಲು ಎಳೆದು ತಳ್ಳುವ 9 ಪಟ್ಟಿಗಳಿದ್ದವು. ಕೀಲಿಮಣೆಯ ಒಂದು ಮನೆಯನ್ನು, ಅಂದರೆ ಕೀಲಿಯನ್ನು, ಒತ್ತಿದೊಡನೆ ಅದರ ಕೆಳಗಿನ ಲೋಹದ ಸಂಪರ್ಕಗಳು ಕೂಡಿಕೊಳ್ಳುವಾಗ ಸಣ್ಣದೊಂದು ‘ಟಿಕ್’ ಸದ್ದು ಕೇಳಿಬರುತ್ತಿತ್ತು. ತಯಾರಕರು ಇದನ್ನು ದೋಷವೆಂದು ಬಗೆದು ನಿವಾರಿಸಲು ಹೆಣಗಿದರು. ಜಾಝ್ ವಾದಕರಿಗೆ ಮಾತ್ರ ಸ್ವರದ ಆರಂಭಕ್ಕೆ ಒಂದು ಚುರುಕು ನೀಡುವ ಆ ಸದ್ದೇ ಹಿಡಿಸಿತು. ಇಂದು ಕಂಪ್ಯೂಟರಿನಲ್ಲಿ ಹ್ಯಾಮಂಡನ್ನು ಅನುಕರಿಸುವವರು ಆ ‘ಟಿಕ್’ ಅನ್ನೂ ಶ್ರದ್ಧೆಯಿಂದ ಸೇರಿಸುತ್ತಾರೆ.

ಪ್ರಶ್ನೆ: ಥೆರೆಮಿನ್ ವಾದ್ಯವನ್ನು ಮುಟ್ಟದೆಯೇ ನುಡಿಸುವುದು ಹೇಗೆ ಸಾಧ್ಯ? ಅಷ್ಟು ಸುಲಭವಾದ ವಾದ್ಯ ಎಲ್ಲೆಡೆ ಹರಡದಿರಲು ಕಾರಣವೇನು?

ಉತ್ತರ: ಸುಲಭ ಎಂಬ ಮಾತನ್ನು ಮೊದಲು ತಿದ್ದಬೇಕಾಗಿದೆ. ನುಡಿಸಲು ಅತ್ಯಂತ ಕಷ್ಟವಾದ ವಾದ್ಯಗಳ ಸಾಲಿನಲ್ಲಿ ಥೆರೆಮಿನ್ ನಿಲ್ಲುತ್ತದೆ.

ರಷ್ಯಾದ ಭೌತವಿಜ್ಞಾನಿ ಲೆವ್ ಟೆರ್ಮೆನ್, ಪಶ್ಚಿಮದಲ್ಲಿ ಲಿಯಾನ್ ಥೆರೆಮಿನ್ ಎಂದು ಹೆಸರಾದವರು, 1920ರ ಹೊತ್ತಿಗೆ ಪೆಟ್ರೊಗ್ರಾಡ್‌ನ ಸಂಶೋಧನಾಲಯದಲ್ಲಿ ಅನಿಲಗಳ ವಿದ್ಯುತ್ ಗುಣಗಳನ್ನು ಅಳೆಯುವ ಉಪಕರಣವೊಂದನ್ನು ಸಿದ್ಧಪಡಿಸುತ್ತಿದ್ದರು. ಅಳತೆಯನ್ನು ಸದ್ದಿನ ರೂಪದಲ್ಲಿ ಕೇಳಿಸುತ್ತಿದ್ದ ಆ ಉಪಕರಣದ ಹತ್ತಿರ ಕೈ ತಂದಾಗಲೆಲ್ಲ ಶ್ರುತಿ ಬದಲಾಗುತ್ತಿದ್ದುದು ಅವರ ಗಮನಕ್ಕೆ ಬಂತು. ಚೆಲ್ಲೊ ನುಡಿಸಬಲ್ಲವರಾಗಿದ್ದ ಅವರು ಅದರಿಂದ ರಾಗಗಳನ್ನು ಹೊರಡಿಸಿದರು. 1922ರಲ್ಲಿ ಲೆನಿನ್ ಅವರ ಎದುರಿಗೂ ಅದನ್ನು ನುಡಿಸಿ ತೋರಿಸಿದರು.

ವಾದ್ಯದೊಳಗೆ ಮನುಷ್ಯರ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನದ ಎರಡು ಆಂದೋಲಕಗಳಿರುತ್ತವೆ. ಒಂದು ಸೆಕೆಂಡಿಗೆ 1,70,000 ಕಂಪನಗಳಲ್ಲಿ ಸ್ಥಿರವಾಗಿದೆ ಎಂದಿಟ್ಟುಕೊಳ್ಳೋಣ. ಇನ್ನೊಂದಕ್ಕೆ ನೆಟ್ಟಗೆ ನಿಂತ ಲೋಹದ ಕೋಲೊಂದನ್ನು ಜೋಡಿಸಲಾಗಿರುತ್ತದೆ. ವಾದಕರ ಕೈ ಮತ್ತು ಆ ಕೋಲು ಸೇರಿ ಒಂದು ಕೆಪಾಸಿಟರಿನಂತೆ ವರ್ತಿಸುತ್ತವೆ. ಕೈ ಹತ್ತಿರ ಬಂದಂತೆ ಅದರ ಧಾರಣಶಕ್ತಿ ಅತ್ಯಲ್ಪ ಪ್ರಮಾಣದಲ್ಲಿ ಹೆಚ್ಚಿ, ಎರಡನೆಯ ಆಂದೋಲಕದ ಆವರ್ತನ ಇಳಿಯುತ್ತದೆ. ಅದು 1,69,560ಕ್ಕೆ ಇಳಿದಾಗ ಎರಡರ ವ್ಯತ್ಯಾಸ 440 ಆಗುತ್ತದೆ, ನಮಗೆ ಕೇಳಿಸುವುದು ಆ ವ್ಯತ್ಯಾಸ ಮಾತ್ರ. ಕೈ ಇನ್ನೂ ಹತ್ತಿರ ಬಂದು ಆವರ್ತನ 1,69,120 ಆದರೆ 880, ಅಂದರೆ ಒಂದು ಸ್ಥಾಯಿ ಮೇಲಿನ ಸ್ವರ. ಆಂದೋಲಕದ ಲೆಕ್ಕದಲ್ಲಿ ತೀರಾ ಅಲ್ಪವಾದ ಬದಲಾವಣೆ ಕಿವಿಯ ಲೆಕ್ಕದಲ್ಲಿ ಪೂರ್ತಿ ಸ್ಥಾಯಿಯಾಗುವುದರಿಂದಲೇ, ಬರಿಯ ಗಾಳಿಯಲ್ಲಿ ಆಡುವ ಕೈಗೆ ಇಷ್ಟು ವಿಸ್ತಾರವಾದ ಸ್ವರವ್ಯಾಪ್ತಿ ದಕ್ಕುತ್ತದೆ. ಎಡಗೈ, ಅಡ್ಡಲಾಗಿ ಚಾಚಿದ ಲೋಹದ ಬಳೆಯ ಮೇಲೆ ಏರಿಳಿಯುತ್ತ ಸದ್ದಿನ ಮಟ್ಟವನ್ನು ನಿಯಂತ್ರಿಸುತ್ತದೆ.

ಕಷ್ಟವಿರುವುದು ಇಲ್ಲಿಯೇ. ಪಿಟೀಲಿನಲ್ಲಿ ಬೆರಳಿಗೆ ತಂತಿ ಸಿಗುತ್ತದೆ, ತಂತಿಯ ಕೆಳಗೆ ಮರದ ಹಲಗೆ ಸಿಗುತ್ತದೆ. ಥೆರೆಮಿನ್‌ನಲ್ಲಿ ಬೆರಳಿಗೆ ಏನೂ ಸಿಗುವುದಿಲ್ಲ. ಸ್ವರಸ್ಥಾನವನ್ನು ಕಿವಿಯೊಂದರಿಂದಲೇ ಹುಡುಕಬೇಕು. ಮೈ ಸ್ವಲ್ಪ ಓಲಿದರೂ ಶ್ರುತಿ ತಪ್ಪುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಎಲ್ಲ ಶ್ರುತಿಗಳೂ ಜಾರುತ್ತ ಕೇಳಿಸುತ್ತವೆ. ಬಿಡಿಬಿಡಿಯಾಗಿ ನುಡಿಸಬೇಕೆಂದರೆ ಎಡಗೈಯಿಂದ ಸದ್ದನ್ನು ಕ್ಷಣಮಾತ್ರ ಅಡಗಿಸಿ, ಅಷ್ಟರೊಳಗೆ ಬಲಗೈಯನ್ನು ಸರಿಯಾದ ಸ್ಥಾನಕ್ಕೆ ಒಯ್ಯಬೇಕು. ಅಮೆರಿಕದ ಆರ್‌ಸಿಎ ಕಂಪನಿ 1929ರಲ್ಲಿ ಇದನ್ನು ತಯಾರಿಸಿ, ಗುನುಗಲು ಬಲ್ಲ ಯಾರು ಬೇಕಾದರೂ ನುಡಿಸಬಹುದೆಂದು ಜಾಹೀರಾತು ನೀಡಿತು. ಕೊಂಡವರಿಗೆ ವಾಸ್ತವ ಬೇಗನೆ ಅರಿವಾಯಿತು. ಅದೇ ವರ್ಷ ಆರ್ಥಿಕ ಕುಸಿತವೂ ಸಂಭವಿಸಿತು. ಸುಮಾರು 500 ವಾದ್ಯಗಳಿಗೆ ತಯಾರಿಕೆ ನಿಂತಿತು.

ಈ ವಾದ್ಯಕ್ಕೆ ಮರ್ಯಾದೆ ತಂದುಕೊಟ್ಟವರು ಕ್ಲಾರಾ ರಾಕ್‌ಮೋರ್. ಬಾಲ್ಯದಲ್ಲೇ ಪಿಟೀಲುವಾದಕಿಯಾಗಿ ಹೆಸರು ಮಾಡಿದ್ದ ಅವರು ತೋಳಿನ ತೊಂದರೆಯಿಂದಾಗಿ ಪಿಟೀಲನ್ನು ಬಿಡಬೇಕಾಗಿ ಬಂದು ಥೆರೆಮಿನ್‌ಗೆ ಒಲಿದರು. ಮುಷ್ಟಿಯನ್ನು ಒಂದೆಡೆ ನಿಲ್ಲಿಸಿ, ಬೆರಳುಗಳನ್ನು ಒಂದೊಂದಾಗಿ ಬಿಚ್ಚುತ್ತ ಸ್ವರಗಳನ್ನು ಅಳೆಯುವ ಕ್ರಮವೊಂದನ್ನು ಅವರು ರೂಢಿಸಿಕೊಂಡರು. ವಾದ್ಯ ಹುಟ್ಟಿದರೆ ಸಾಲದು, ಅದರ ಮೇಲೆ ಕೈಯನ್ನು ಹೇಗೆ ಇಡಬೇಕೆಂಬುದೂ ಹುಟ್ಟಬೇಕು. ವಿದ್ಯುನ್ಮಾನ ವಾದ್ಯಗಳ ಚರಿತ್ರೆಯನ್ನು ಬರಿಯ ಮಂಡಲಗಳ ಚರಿತ್ರೆಯಾಗಿ ಬರೆಯುವವರು ಈ ಎರಡನೆಯ ಅರ್ಧವನ್ನು ಬಿಟ್ಟುಬಿಡುತ್ತಾರೆ ಎಂಬುದು ನಮ್ಮ ಅಭಿಪ್ರಾಯ.

ಫ್ರಾನ್ಸಿನ ಮೊರಿಸ್ ಮಾರ್ತೆನೋ ಇದನ್ನು ಚೆನ್ನಾಗಿ ಅರಿತಿದ್ದರು. ಮೊದಲನೆಯ ಮಹಾಯುದ್ಧದಲ್ಲಿ ರೇಡಿಯೊ ನಿರ್ವಾಹಕರಾಗಿದ್ದ ಈ ಚೆಲ್ಲೊವಾದಕರು 1928ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದ ಆಂದ್ ಮಾರ್ತೆನೋ ವಾದ್ಯವೂ ಎರಡು ಆಂದೋಲಕಗಳ ವ್ಯತ್ಯಾಸದಿಂದಲೇ ನಾದ ಹುಟ್ಟಿಸುತ್ತಿತ್ತು. ಆದರೆ ಅದರಲ್ಲಿ ಬೆರಳಿಗೆ ತೊಟ್ಟ ಉಂಗುರವೊಂದನ್ನು ದಾರದೊಡನೆ ಅತ್ತಿತ್ತ ಎಳೆದು ಶ್ರುತಿಯನ್ನು ಜಾರಿಸಬಹುದಿತ್ತು, ಮತ್ತು ಎಲ್ಲಿಗೆ ಎಳೆಯಬೇಕೆಂಬುದನ್ನು ಕೆಳಗಿದ್ದ ಕೀಲಿಮಣೆಯ ಚಿತ್ರ ತೋರಿಸುತ್ತಿತ್ತು. ಮುಂದಿನ ಮಾದರಿಗಳಲ್ಲಿ ನಿಜವಾದ ಕೀಲಿಮಣೆ ಬಂತು. ಅದು ಇಡಿಯಾಗಿ ಎಡಕ್ಕೂ ಬಲಕ್ಕೂ ತುಸು ಅಲುಗುತ್ತಿದ್ದುದರಿಂದ ಒತ್ತಿದ ಸ್ವರಕ್ಕೆ ಕಂಪನವನ್ನೂ ಕೊಡಬಹುದಿತ್ತು. ಒಲಿವಿಯೆ ಮೆಸ್ಸಿಯಾನ್ ಮೊದಲಾದ ದೊಡ್ಡ ಸಂಯೋಜಕರು ಅದಕ್ಕಾಗಿ ಬರೆದರು, ಪ್ಯಾರಿಸ್ಸಿನ ಸಂಗೀತ ವಿದ್ಯಾಲಯದಲ್ಲಿ ಅದರ ಪಾಠ ನಡೆಯಿತು. ಆ ವಾದ್ಯಕ್ಕೆ ಇಂದಿಗೂ ವಾದಕರಿದ್ದಾರೆ.

ಪ್ರಶ್ನೆ: ಸಿಂಥಸೈಸರನ್ನು ಕಂಡುಹಿಡಿದವರು ರಾಬರ್ಟ್ ಮೋಗ್ ಎನ್ನುವುದು ಸರಿಯೇ? ಅವರು ನಿಜವಾಗಿ ಮಾಡಿದ್ದೇನು?

ಉತ್ತರ: ವಿದ್ಯುತ್ ಮಂಡಲಗಳಿಂದ ಬಗೆಬಗೆಯ ನಾದಗಳನ್ನು ರೂಪಿಸುವ ವಾದ್ಯವಾದ ಸಿಂಥಸೈಸರನ್ನು ಅವರೊಬ್ಬರೇ ಕಂಡುಹಿಡಿದರು ಎನ್ನಲಾಗದು. ಕೆನಡಾದ ಹ್ಯೂ ಲ ಕೇನ್ 1940ರ ದಶಕದಲ್ಲಿಯೇ ವಿದ್ಯುತ್ ವೋಲ್ಟೇಜಿನಿಂದ ನಾದವನ್ನು ನಿಯಂತ್ರಿಸುವ ವಾದ್ಯವನ್ನು ಕಟ್ಟಿದ್ದರು. ಆರ್‌ಸಿಎ ಕಂಪನಿಯ ಮಾರ್ಕ್ 2 ಸಿಂಥಸೈಸರ್ 1957ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾಗಿತ್ತು. ಆದರೆ ಅದು ಒಂದು ಕೋಣೆಯನ್ನೇ ತುಂಬಿಕೊಂಡಿತ್ತು, ಮತ್ತು ಪ್ರತಿ ಸ್ವರದ ವಿವರವನ್ನೂ ಕಾಗದದ ಸುರುಳಿಯ ಮೇಲೆ ರಂಧ್ರಗಳಾಗಿ ಕೊರೆದು ಉಣಿಸಬೇಕಾಗಿತ್ತು. ಅದನ್ನು ನುಡಿಸಲು ಬರುತ್ತಿರಲಿಲ್ಲ, ನುಡಿಯುವಂತೆ ಸಿದ್ಧಪಡಿಸಿ ಕಾಯಬೇಕಿತ್ತು.

ಹದಿಹರೆಯದಲ್ಲಿಯೇ ಥೆರೆಮಿನ್ ಕಟ್ಟಲು ಕಲಿತಿದ್ದ ಮೋಗ್, 1964ರಲ್ಲಿ ಸಂಯೋಜಕ ಹರ್ಬರ್ಟ್ ಡಾಯ್ಚ್ ಅವರೊಡನೆ ಸೇರಿ ರೂಪಿಸಿದ ವ್ಯವಸ್ಥೆಯ ಹೆಚ್ಚುಗಾರಿಕೆ ಬೇರೆಯೇ. ಹೊಸದಾಗಿ ಬಂದಿದ್ದ ಟ್ರಾನ್ಸಿಸ್ಟರುಗಳಿಂದ ಗಾತ್ರ ಕುಗ್ಗಿತು ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದುದು, ವಾದ್ಯದ ಎಲ್ಲ ಭಾಗಗಳೂ ಒಂದೇ ಭಾಷೆಯನ್ನು, ಅಂದರೆ ವೋಲ್ಟೇಜನ್ನು, ಅರ್ಥಮಾಡಿಕೊಳ್ಳುವಂತೆ ಅವರು ಏರ್ಪಡಿಸಿದ್ದು. ಆಂದೋಲಕಕ್ಕೆ ಕೊಡುವ ವೋಲ್ಟೇಜು 1 ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಸ್ಥಾಯಿಯಲ್ಲಿ 12 ಸ್ವರಸ್ಥಾನಗಳಿರುವುದರಿಂದ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ ಸುಮಾರು 83 ಮಿಲಿವೋಲ್ಟ್. ನಾದದ ಹೆಚ್ಚಿನ ಆವರ್ತನದ ಅಂಶಗಳನ್ನು ಸೋಸುವ ಫಿಲ್ಟರಿಗೂ ಸದ್ದಿನ ಮಟ್ಟವನ್ನು ನಿರ್ಧರಿಸುವ ಆಂಪ್ಲಿಫೈಯರಿಗೂ ಇದೇ ಬಗೆಯ ನಿಯಂತ್ರಣವಿತ್ತು. ಹೀಗಾಗಿ ಯಾವ ಭಾಗದಿಂದ ಹೊರಟ ವೋಲ್ಟೇಜನ್ನು ಬೇಕಾದರೂ ಒಂದು ವಯರಿನ ಮೂಲಕ ಇನ್ನಾವುದೇ ಭಾಗಕ್ಕೆ ಕೊಡಬಹುದಾಯಿತು. ನಿಧಾನವಾಗಿ ಏರಿಳಿಯುವ ಅಲೆಯೊಂದನ್ನು ಆಂದೋಲಕಕ್ಕೆ ಕೊಟ್ಟರೆ ಸ್ವರ ನಡುಗುತ್ತದೆ. ಅದನ್ನೇ ಕಿತ್ತು ಆಂಪ್ಲಿಫೈಯರಿಗೆ ಕೊಟ್ಟರೆ ಸ್ವರ ನಿಂತಲ್ಲೇ ನಿಂತು ಸದ್ದು ಮಾತ್ರ ಏರಿಳಿಯುತ್ತದೆ.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಾನ್ ಬುಕ್ಲಾ ಇಂಥದೇ ವ್ಯವಸ್ಥೆಯನ್ನು ಸ್ವತಂತ್ರವಾಗಿ ಕಟ್ಟುತ್ತಿದ್ದರು. ಪಿಯಾನೊ ಮಾದರಿಯ ಕೀಲಿಮಣೆ ಜೋಡಿಸಿದರೆ ಜನ ಹಳೆಯ ಸಂಗೀತವನ್ನೇ ನುಡಿಸುತ್ತಾರೆ ಎಂದು ಭಾವಿಸಿದ ಅವರು, ಬದಲಿಗೆ ಸ್ಪರ್ಶಕ್ಕೆ ಪ್ರತಿಕ್ರಿಯಿಸುವ ಲೋಹದ ಫಲಕಗಳನ್ನು ಇಟ್ಟರು. ಮೋಗ್ ಕೀಲಿಮಣೆಯನ್ನು ಇಟ್ಟುಕೊಂಡರು. 1968ರಲ್ಲಿ ವೆಂಡಿ ಕಾರ್ಲೋಸ್ ಮೋಗ್ ಸಿಂಥಸೈಸರಿನಲ್ಲಿ ಜರ್ಮನ್ ಸಂಯೋಜಕ ಬಾಖ್ ಅವರ ಕೃತಿಗಳನ್ನು ನುಡಿಸಿ ಹೊರತಂದ ಧ್ವನಿಮುದ್ರಿಕೆ ಅಪಾರ ಜನಪ್ರಿಯವಾಯಿತು. ಒಮ್ಮೆಗೆ ಒಂದೇ ಸ್ವರ ಹೊರಡಿಸಬಲ್ಲ ವಾದ್ಯದಲ್ಲಿ, ಪ್ರತಿಯೊಂದು ಎಳೆಯನ್ನೂ ಬೇರೆಯಾಗಿ ನುಡಿಸಿ, ಟೇಪಿನ ಮೇಲೆ ಒಂದರ ಮೇಲೊಂದು ಕೂಡಿಸಿ ಅದನ್ನು ಸಿದ್ಧಪಡಿಸಲಾಗಿತ್ತು. 1970ರಲ್ಲಿ ಬಂದ ಮಿನಿಮೋಗ್‌ನಲ್ಲಿ ವಯರುಗಳ ಗೋಜಲು ಇರಲಿಲ್ಲ. ಎಡಬದಿಯಲ್ಲಿ ಸ್ವರವನ್ನು ಬಾಗಿಸುವ ಒಂದು ಗಾಲಿ ಇತ್ತು. ಹನ್ನೆರಡು ಮನೆಗಳ ನಡುವೆ ಕಳೆದುಹೋಗಿದ್ದ ಗಮಕವನ್ನು ಹಿಂದಕ್ಕೆ ತರಲು ಕೀಲಿಮಣೆಗೆ ಸೇರಿಸಿದ ಈ ಸಣ್ಣ ಗಾಲಿ ಮುಂದೆ ಬಂದ ಹೆಚ್ಚಿನ ಸಿಂಥಸೈಸರುಗಳಲ್ಲಿ ಉಳಿದುಕೊಂಡಿತು.

ಪ್ರಶ್ನೆ: ರೋಲ್ಯಾಂಡ್ ಟಿಆರ್-808 ತಾಳಯಂತ್ರ ಮೊದಲು ಸೋತು ಆಮೇಲೆ ಗೆದ್ದಿತು ಎನ್ನುತ್ತಾರೆ. ಏಕೆ?

ಉತ್ತರ: 1980ರಲ್ಲಿ ಅದು ಬಂದಾಗ, ಅದೇ ವರ್ಷ ರೋಜರ್ ಲಿನ್ ತಯಾರಿಸಿದ ಎಲ್‌ಎಂ-1 ಯಂತ್ರ ನಿಜವಾದ ಡ್ರಮ್ಮುಗಳ ಮುದ್ರಿತ ಸದ್ದನ್ನು ನೀಡುತ್ತಿತ್ತು; 808ರ ಸದ್ದು ಪೂರ್ತಿಯಾಗಿ ಮಂಡಲಗಳಲ್ಲಿ ಹುಟ್ಟಿದ್ದು, ಡ್ರಮ್ಮಿನಂತೆ ಕೇಳಿಸುತ್ತಿರಲಿಲ್ಲ. ಸುಮಾರು 12,000 ತಯಾರಾದ ಮೇಲೆ ಅದನ್ನು ನಿಲ್ಲಿಸಲಾಯಿತು. ಬಳಿಕ ಅಗ್ಗದ ಸೆಕೆಂಡ್‌ಹ್ಯಾಂಡ್ ಬೆಲೆಗೆ ಸಿಕ್ಕ ಅವು ಹಿಪ್‌ಹಾಪ್ ಮತ್ತು ಟೆಕ್ನೊ ಸಂಗೀತಗಾರರ ಕೈಸೇರಿದವು. ಬೇಕಾದಷ್ಟು ಹೊತ್ತು ಎಳೆಯಬಹುದಾದ ಅದರ ತಳಸ್ವರದ ಮೊಳಗಿಗೆ ಸಮನಾದುದು ಬೇರೆ ಯಾವ ಯಂತ್ರದಲ್ಲಿಯೂ ಅವರಿಗೆ ಸಿಗಲಿಲ್ಲ.

ಪ್ರಶ್ನೆ: ಅನಲಾಗ್, ಎಫ್‌ಎಂ, ಸ್ಯಾಂಪ್ಲಿಂಗ್ ಎಂಬ ಮಾತುಗಳನ್ನು ಕೇಳುತ್ತಿರುತ್ತೇನೆ. ಇವುಗಳ ನಡುವಿನ ವ್ಯತ್ಯಾಸವನ್ನು ತಿಳಿಸುವಿರಾ?

ಉತ್ತರ: ಮೋಗ್ ಮಾದರಿಯ ಅನಲಾಗ್ ವಾದ್ಯದಲ್ಲಿ, ಅನೇಕ ಅಂಶಗಳಿಂದ ತುಂಬಿದ ಸದ್ದೊಂದನ್ನು ಮೊದಲು ಹುಟ್ಟಿಸಿ, ಬೇಡವಾದುದನ್ನು ಫಿಲ್ಟರಿನಿಂದ ತೆಗೆದುಹಾಕಲಾಗುತ್ತದೆ.

ಎಫ್‌ಎಂ (ಫ್ರೀಕ್ವೆನ್ಸಿ ಮಾಡ್ಯುಲೇಶನ್), ಅಂದರೆ ಒಂದು ಅಲೆಯಿಂದ ಇನ್ನೊಂದರ ಆವರ್ತನವನ್ನು ಏರಿಳಿಸುವ ವಿಧಾನ, ಇದಕ್ಕಿಂತ ತೀರಾ ಭಿನ್ನ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಸಂಯೋಜಕ ಜಾನ್ ಚೌನಿಂಗ್ ಕಂಪ್ಯೂಟರಿನಲ್ಲಿ ಸ್ವರವೊಂದಕ್ಕೆ ನಡುಕವನ್ನು ಸೇರಿಸುವ ಪ್ರಯೋಗ ನಡೆಸುತ್ತಿದ್ದರು. ಸೆಕೆಂಡಿಗೆ ಐದಾರು ಸಲ ಶ್ರುತಿ ಏರಿಳಿದರೆ ಹಾಡುಗಾರರ ಕಂಠದ ನಡುಕದಂತೆ ಕೇಳಿಸುತ್ತದೆ. ಆ ವೇಗವನ್ನು ಹೆಚ್ಚಿಸುತ್ತ ಹೋಗಿ ಸೆಕೆಂಡಿಗೆ ನೂರಾರು ಸಲಕ್ಕೆ ಮುಟ್ಟಿಸಿದಾಗ ನಡುಕ ಮಾಯವಾಗಿ, ಹೊಸ ಬಣ್ಣದ ಒಂದೇ ಸ್ವರ ಕೇಳಿಸಿತು. ಮೂಲಸ್ವರ ಮತ್ತು ನಡುಕ, ಈ ಎರಡರ ಆವರ್ತನಗಳ ಅನುಪಾತ ಸರಳ ಪೂರ್ಣಸಂಖ್ಯೆಗಳದ್ದಾದರೆ ತುತ್ತೂರಿಯಂಥ ನಾದ, ಅಲ್ಲದಿದ್ದರೆ ಗಂಟೆಯಂಥ ನಾದ. ಎರಡೇ ಆಂದೋಲಕಗಳಿಂದ ಇಷ್ಟು ಸಂಕೀರ್ಣವಾದ ಸದ್ದು ಸಿಗುವುದನ್ನು ಅಮೆರಿಕದ ಆರ್ಗನ್ ತಯಾರಕರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಜಪಾನಿನ ಯಮಹಾ ಹಕ್ಕುಗಳನ್ನು ಪಡೆದು 1983ರಲ್ಲಿ ಡಿಎಕ್ಸ್7 ಅನ್ನು ಹೊರತಂದಿತು. ಒಮ್ಮೆಗೆ 16 ಸ್ವರ ನುಡಿಯಬಲ್ಲ ಆ ವಾದ್ಯ ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಆದರೆ ಗುಂಡಿಗಳೂ ಸಣ್ಣದೊಂದು ಪರದೆಯೂ ಮಾತ್ರವಿದ್ದ ಅದರಲ್ಲಿ ಹೊಸ ನಾದವನ್ನು ರೂಪಿಸುವುದು ಬಹಳ ಪ್ರಯಾಸದ ಕೆಲಸವಾದ್ದರಿಂದ, ಹೆಚ್ಚಿನವರು ಕಾರ್ಖಾನೆಯಿಂದ ಬಂದ ನಾದಗಳನ್ನೇ ನುಡಿಸಿದರು.

ಸ್ಯಾಂಪ್ಲಿಂಗ್ ಎಂದರೆ ಇದ್ದ ಸದ್ದನ್ನು ಮುದ್ರಿಸಿಕೊಂಡು ಬೇರೆ ಬೇರೆ ಶ್ರುತಿಗಳಲ್ಲಿ ನುಡಿಸುವುದು. ಇಂಗ್ಲೆಂಡಿನಲ್ಲಿ 1963ರಲ್ಲಿ ತಯಾರಾದ ಮೆಲ್ಲೊಟ್ರಾನ್‌ನಲ್ಲಿ ಒಂದೊಂದು ಮನೆಯ ಕೆಳಗೂ ಒಂದೊಂದು ಟೇಪಿನ ತುಂಡು ಇತ್ತು. ಸುಮಾರು 8 ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಲ್ಲುತ್ತಿತ್ತು. ಟೇಪಿನ ಜಾಗಕ್ಕೆ ಕಂಪ್ಯೂಟರಿನ ಸ್ಮರಣಕೋಶವನ್ನು ತಂದದ್ದು ಆಸ್ಟ್ರೇಲಿಯಾದ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ರೂಪಿಸಿದ ಫೇರ್‌ಲೈಟ್.

ಪ್ರಶ್ನೆ: ಬೇರೆ ಬೇರೆ ಕಂಪನಿಗಳ ಕೀಬೋರ್ಡುಗಳನ್ನು ಒಂದಕ್ಕೊಂದು ಜೋಡಿಸಲು ‘ಮಿಡಿ’ ಬಳಸುತ್ತೇನೆ. 1983ರ ಈ ಪದ್ಧತಿ ಇನ್ನೂ ಸಾಕಾಗುತ್ತದೆಯೇ?

ಉತ್ತರ: ಹೆಚ್ಚಿನ ಕೆಲಸಗಳಿಗೆ ಸಾಕು. ಮಿಡಿ ತಂತಿಯಲ್ಲಿ ಸದ್ದು ಹರಿಯುವುದಿಲ್ಲ, ಆಜ್ಞೆಗಳು ಹರಿಯುತ್ತವೆ: ಇಂಥ ಮನೆಯನ್ನು ಇಷ್ಟು ರಭಸದಿಂದ ಒತ್ತಲಾಗಿದೆ, ಈಗ ಬಿಡಲಾಗಿದೆ. ಮನೆಗಳಿಗೂ ರಭಸಕ್ಕೂ 0ಯಿಂದ 127ರವರೆಗಿನ ಸಂಖ್ಯೆಗಳಿವೆ. ಪಿಯಾನೊದ ಮಧ್ಯದ ಸಿ ಸ್ವರ 60. ಸೆಕೆಂಡಿಗೆ 31,250 ಬಿಟ್ ವೇಗದಲ್ಲಿ ಒಂದು ಆಜ್ಞೆ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ತಲುಪುತ್ತದೆ. ಅಮೆರಿಕದ ಸಿಂಥಸೈಸರ್ ತಯಾರಕ ಡೇವ್ ಸ್ಮಿತ್ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಸಂಸ್ಥಾಪಕ ಇಕುತಾರೊ ಕಕೆಹಾಶಿ ಅವರ ಪ್ರಯತ್ನದಿಂದ, ಪರಸ್ಪರ ಪೈಪೋಟಿಯಲ್ಲಿದ್ದ ಅಮೆರಿಕ ಮತ್ತು ಜಪಾನಿನ ತಯಾರಕರು ಇದನ್ನು ಒಪ್ಪಿಕೊಂಡು, ಯಾರಿಂದಲೂ ಶುಲ್ಕ ಪಡೆಯದೆ ಎಲ್ಲರ ಬಳಕೆಗೆ ಬಿಟ್ಟರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯಮೇಳದಲ್ಲಿ ಒಂದು ಕಂಪನಿಯ ಪ್ರಾಫೆಟ್-600ನ್ನು ನುಡಿಸಿದಾಗ ಇನ್ನೊಂದು ಕಂಪನಿಯ ಜ್ಯುಪಿಟರ್-6 ಕೂಡ ನುಡಿಯಿತು. ಆ ಔದಾರ್ಯವಿಲ್ಲದಿದ್ದರೆ ಇಂದು ನೀವು ಒಂದೊಂದು ಕಂಪನಿಗೂ ಬೇರೆ ತಂತಿ, ಬೇರೆ ಪೆಟ್ಟಿಗೆ ಕೊಳ್ಳಬೇಕಾಗುತ್ತಿತ್ತು.

ಕೊರತೆ ಇರುವುದು ಜಾರುವ ಸ್ವರಗಳಲ್ಲಿ. ಮಿಡಿಯ ಮಟ್ಟಿಗೆ ಸ್ವರವೆಂದರೆ ಒತ್ತಿ ಬಿಡುವ ಒಂದು ಮನೆ. ಶ್ರುತಿಯನ್ನು ಬಾಗಿಸುವ ಆಜ್ಞೆ ಇದೆಯಾದರೂ ಅದು ಇಡೀ ಚಾನೆಲ್ಲಿಗೆ, ಅಂದರೆ ಒಂದು ವಾದ್ಯಕ್ಕೆ ಮೀಸಲಾದ ಆಜ್ಞೆಗಳ ಸಾಲಿಗೆ, ಅನ್ವಯವಾಗುತ್ತದೆ. ಮೂರು ಸ್ವರಗಳನ್ನು ಒಟ್ಟಿಗೆ ಹಿಡಿದು ಒಂದನ್ನು ಮಾತ್ರ ಜಾರಿಸಲು ಹೋದರೆ ಮೂರೂ ಜಾರುತ್ತವೆ. ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಬಿಟ್ಟುಕೊಟ್ಟು ಇದನ್ನು ಬಗೆಹರಿಸುವ ಎಂಪಿಇ ಎಂಬ ಏರ್ಪಾಡಿಗೆ 2018ರಲ್ಲಿ ಅಧಿಕೃತ ಒಪ್ಪಿಗೆ ದೊರೆಯಿತು. 2020ರಲ್ಲಿ ಪ್ರಕಟವಾದ ಮಿಡಿ 2.0ರಲ್ಲಿ ಪ್ರತಿ ಸ್ವರದ ಶ್ರುತಿಯನ್ನೂ ಪ್ರತ್ಯೇಕವಾಗಿ ಹೇಳಬಹುದು, ಒತ್ತುವ ರಭಸಕ್ಕೆ 128 ಹಂತಗಳ ಬದಲು 65,536 ಹಂತಗಳಿವೆ. ನೀವು ನುಡಿಸುವುದು ಮಾಮೂಲಿ ಕೀಬೋರ್ಡನ್ನಾದರೆ ಹಳೆಯ ಮಿಡಿಯನ್ನೇ ನಿಶ್ಚಿಂತೆಯಿಂದ ಬಳಸಿ. ಹಾಕನ್ ಕಂಟಿನ್ಯುಅಮ್, ಸೀಬೋರ್ಡ್ ಮುಂತಾದ, ಬೆರಳು ನಡುವೆ ತಡೆಯಿಲ್ಲದೆ ಜಾರಬಲ್ಲ ಮೇಲ್ಮೈಯ ವಾದ್ಯವನ್ನು ಕೊಳ್ಳುವ ಆಲೋಚನೆಯಿದ್ದರೆ, ಅದರ ಜೊತೆಗೆ ಜೋಡಿಸಲಿರುವ ಸಿಂಥಸೈಸರು ಎಂಪಿಇ ಅನ್ನು ಅರ್ಥಮಾಡಿಕೊಳ್ಳುತ್ತದೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಿ.